ಕ್ರ್ಯಾಂಕ್‌ಶಾಫ್ಟಿಗೆ ಪಥ್ಯ ಮಾಡಿಸಿದ ಅಕ್ಕ

ಬೆಳಕು ಹರಿಯುವ ಹೊತ್ತು. ಎಂಜಿನ್ ಪರೀಕ್ಷಾ ಕೋಣೆಯ ಗಾಜಿಗೆ ಮೂಗು ಒತ್ತಿಕೊಂಡು ಒಬ್ಬಾಕೆ ನಿಂತಿದ್ದಾರೆ. ಒಳಗೆ ವಾರಗಟ್ಟಲೆ ಓಡಿದ ಎಂಜಿನ್ನನ್ನು ಬಿಚ್ಚಲಾಗುತ್ತಿದೆ. ಅದರ ಹೊಟ್ಟೆಯಲ್ಲಿರುವುದು ಇವರು ತೂಕ ಇಳಿಸಿ ಹೊಸದಾಗಿ ರೂಪಿಸಿದ ಕ್ರ್ಯಾಂಕ್‌ಶಾಫ್ಟ್. ಕೂದಲೆಳೆಯಷ್ಟು ಬಿರುಕು ಕಂಡರೂ ಹಳೆಯ ಭಾರದ ಶಾಫ್ಟೇ ಗತಿ. ಇವರ ಮೂರು ವರ್ಷದ ದುಡಿಮೆ ನೀರಿನಲ್ಲಿ ಹೋಮ ಮಾಡಿದಂತೆ.

"ಗಾಜು ಒರೆಸೋ ಕೆಲಸ ನಿಮಗ್ಯಾರು ಕೊಟ್ರು ಅಕ್ಕಾ?" ಎನ್ನುತ್ತಾರೆ ಒಳಗಿನಿಂದ ಬಂದ ಪರೀಕ್ಷಕ.

ಪಿಸ್ಟನ್‌ಗಳ ಏರಿಳಿತವನ್ನು ತಿರುಗಾಟವಾಗಿಸುವ ಈ ಉಕ್ಕಿನ ದಂಡವನ್ನು ಕಾರಿನೊಡೆಯರು ಕಾಣುವುದೇ ಇಲ್ಲ. ಅದರ ಗ್ರಾಂ ಗ್ರಾಂ ಲೆಕ್ಕ ಹಾಕುವ ಇವರಿಗೆ ಕಾರ್ಖಾನೆಯಲ್ಲಿ 'ಗ್ರಾಂ ಅಕ್ಕ' ಎಂದೇ ಹೆಸರು. ಮನೆಯಲ್ಲಿ ಅತ್ತೆಯ ವರದಿ ಬೇರೆ: "ಕಬ್ಬಿಣ ಕರಗಿಸ್ತಾಳೆ. ನನ್ನ ಮಗನ ಹೊಟ್ಟೆ ಮಾತ್ರ ಇವಳ ಕೈಗೆ ಸಿಕ್ಕಿಲ್ಲ."

ಮೊದಲ ಪ್ರಯತ್ನ ನಗೆಪಾಟಲಾಗಿತ್ತು. "ದುರಾಸೆಗೆ ಬಿದ್ದೆ. ಸಮತೂಕ ಕಾಯೋ ದಪ್ಪ ತುಂಡುಗಳನ್ನಷ್ಟೇ ಕೆತ್ತಿಬಿಟ್ಟೆ," ಎನ್ನುತ್ತಾರೆ. ಎಂಜಿನ್ ಮೈಮೇಲೆ ದೇವರು ಬಂದಂತೆ ಕುಣಿಯಿತು. "ನನ್ನ ಚಹಾ ಲೋಟ ತಾನೇ ನಡ್ಕೊಂಡು ಹೋಗಿ ಮೇಜಿನಿಂದ ಹಾರ್ತು. ನನಗಿಂತ ಅದಕ್ಕೇ ಬುದ್ಧಿ ಜಾಸ್ತಿ," ಎಂದು ಪರೀಕ್ಷಕ ಒಗ್ಗರಣೆ ಹಾಕುತ್ತಾರೆ.

ಎರಡನೆಯ ಸಲ ದಾರಿ ಬದಲಾಯಿತು. "ತಕ್ಕಡಿ ಥರಾನೇ. ಒಂದು ಕಡೆ ಪಿಸ್ಟನ್ನಿನ ರಾಡು ಹಿಡಿಯೋ ಪಿನ್ನು, ಎದುರಿಗೆ ಅದನ್ನ ಸರಿದೂಗಿಸೋ ಭಾರ. ಪಿನ್ನನ್ನೇ ಕೊರೆದು ಟೊಳ್ಳು ಮಾಡಿದ್ರೆ ಎದುರಿಗೂ ಕಮ್ಮಿ ಸಾಕು." ಹೀಗೆ ಹದಿನಾಲ್ಕು ಕಿಲೋದಲ್ಲಿ ಒಂದೂವರೆ ಕಿಲೋ ಇಳಿದಿದೆ. ಟೊಳ್ಳಾದದ್ದು ತಾಳುತ್ತದೆಯೇ ಎಂಬುದೇ ಇಂದಿನ ಪ್ರಶ್ನೆ.

ತೊಳೆದ ಶಾಫ್ಟಿಗೆ ಕಾಂತತ್ವ ಹಿಡಿಸಿ, ಹೊಳೆಯುವ ಕಬ್ಬಿಣದ ಪುಡಿಯ ದ್ರಾವಣ ಸುರಿದು, ಕತ್ತಲೆ ಗೂಡಿನಲ್ಲಿ ಪರೀಕ್ಷಕ ನೇರಳೆ ದೀಪ ಹಿಡಿಯುತ್ತಾರೆ. ಬಿರುಕಿದ್ದರೆ ಪುಡಿ ಅಲ್ಲಿಗೇ ಸೇರಿ ಮಿನುಗಬೇಕು. ಮೂರನೆಯ ಪಿನ್ನಿನ ಬುಡದಲ್ಲಿ ಒಂದು ಗೆರೆ ಫಳಫಳ ಹೊಳೆಯುತ್ತದೆ.

"ಮುಗೀತು ಬಿಡಿ," ಎಂದು ಅಕ್ಕ ಸ್ಟೂಲಿನ ಮೇಲೆ ಕುಸಿಯುತ್ತಾರೆ.

ಪರೀಕ್ಷಕ ಬಗ್ಗಿ, ಉಗುರಿನಿಂದ ಆ ಗೆರೆಯನ್ನು ಎತ್ತಿ ಹಿಡಿಯುತ್ತಾರೆ. ಒರೆಸುವ ಬಟ್ಟೆಯ ನೂಲು.

"ಬಿರುಕು ಹೀಗೆ ಕೈಗೆ ಬರಲ್ಲ ಅಕ್ಕಾ. ಏಳಿ."

ಮತ್ತೆ ತೊಳೆದು, ದ್ರಾವಣ ಸುರಿದು, ಮತ್ತೆ ದೀಪ ಹಿಡಿಯುತ್ತಾರೆ. ತುದಿಯಿಂದ ತುದಿಗೆ ಎಲ್ಲೂ ಮಿನುಗಿಲ್ಲ, ಬರೀ ಕತ್ತಲೆ. ಅಕ್ಕ ಇನ್ನೂ ಒದ್ದೆಯಾಗಿರುವ ಉಕ್ಕಿನ ಮೇಲೆ ಕೈಯಿಟ್ಟು ನಿಲ್ಲುತ್ತಾರೆ. ಇನ್ನೇನಾದರೂ ಆಸೆ ಉಂಟೇ ಎಂದು ಕೇಳಿದರೆ:

"ಈ ಎಂಜಿನ್ನಿನ ಕಾರು ಕೊಂಡೋರು ಯಾರೂ ಅದನ್ನ ಬಿಚ್ಚಿಸಿ ನನ್ನ ಶಾಫ್ಟಿನ ಮುಖ ನೋಡೋ ಹಾಗಾಗಬಾರದು," ಎನ್ನುತ್ತಾರೆ. "ಅಷ್ಟಾದ್ರೆ ಸಾಕು."