ಬಿಳಿ ಕಾಗದದ ನಕ್ಷತ್ರ

ಇಂದ್ರಾಣಿಯನ್ನು ನಾನು ಮೊದಲು ಕಂಡದ್ದು 2004ರ ಡಿಸೆಂಬರಿನಲ್ಲಿ, ಬಂಗಾರಪೇಟೆಯಿಂದ ಊರಿಗಾಂನ ಶಾಲೆಗೆ ವರ್ಗವಾಗಿ ಬಂದ ದಿನ. ಬಿಸಿಯೂಟದ ಕೋಣೆಯಲ್ಲಿ ಸಾಂಬಾರು ಉಕ್ಕಿ ಒಲೆಯ ಮೇಲೆ ಚೆಲ್ಲುತ್ತಿತ್ತು. ಅಡುಗೆಯವಳು ಮೆಟ್ಟಿಲ ಮೇಲೆ ಕುಳಿತು, ತರಕಾರಿ ಹೆಚ್ಚುವ ಕತ್ತಿಯಿಂದ ಹಸಿ ಬಿದಿರು ಸೀಳುತ್ತಿದ್ದಳು. ಹೊಸ ಮೇಷ್ಟರ ಗತ್ತಿನಲ್ಲಿ ನಾನು ಗದರಿದೆ. ಆಕೆ ಏಳಲೂ ಇಲ್ಲ.

"ಸಾಂಬಾರು ಚೆಲ್ಲಿದ್ರೆ ಒರೆಸ್ಬೋದು ಸಾರ್. ಬಿದ್ರು ಒಣಗಿದ್ರೆ ಸೀಳಕ್ಕಾಗಲ್ಲ."

ಊರಿನ ಚಿನ್ನದ ಗಣಿ ಮುಚ್ಚಿ ಆಗ ನಾಲ್ಕನೆಯ ವರ್ಷ ನಡೆಯುತ್ತಿತ್ತು. ಭೂಮಿಯ ಆಳಕ್ಕೆ ಇಳಿದು ದುಡಿಯುತ್ತಿದ್ದ ಅವಳ ಗಂಡ ಸೆಲ್ವರಾಜ್, ದಿನವೂ ಮೊದಲ ರೈಲು ಹಿಡಿದು ಬೆಂಗಳೂರಿಗೆ ಕಾವಲು ಕೆಲಸಕ್ಕೆ ಹೋಗುತ್ತಿದ್ದ. ಅವರ ಲೈನಿನ, ಎಂದರೆ ಗಣಿ ಕಾರ್ಮಿಕರ ಮನೆಸಾಲಿನ, ಹಲವು ಮನೆಗಳಲ್ಲಿ ಕ್ರಿಸ್ಮಸ್‌ಗೆ ಅಂಗಡಿಯ ನಕ್ಷತ್ರ ತರುವ ಶಕ್ತಿ ಇರಲಿಲ್ಲ. ಬಿದಿರ ಕಡ್ಡಿ ಕಟ್ಟಿ, ಕೆಂಪು ಹಳದಿ ಗಾಳಿಪಟದ ಕಾಗದ ಅಂಟಿಸಿ, ಇಂದ್ರಾಣಿ ತಾನೇ ಎಲ್ಲರಿಗೂ ನಕ್ಷತ್ರ ಮಾಡಿಕೊಡುತ್ತಿದ್ದಳು. ಆ ಸಂಜೆ ಮೈದಾ ಅಂಟು ಕಲಸಿಕೊಟ್ಟವನು ನಾನೇ. "ಕಂಪ್ನಿ ಮುಚ್ಚಿದ್ರೆ ಅಬ್ಬಾನೂ ಮುಚ್ಬೇಕಾ ಸಾರ್?" ಎಂದು ಕೇಳಿ ನಕ್ಕಿದ್ದಳು.

ಆ ಲೈನಿನಲ್ಲಿ ಒಂದು ಪದ್ಧತಿ ಉಂಟು. ಹಬ್ಬಕ್ಕೆ ಎರಡು ದಿನ ಮುಂಚೆ ಹುಡುಗ ಹುಡುಗಿಯರು ಡ್ರಮ್ ಬಾರಿಸುತ್ತ ಕ್ಯಾರೆಲ್ ಹಾಡಲು ಬರುತ್ತಾರೆ. ನಕ್ಷತ್ರ ತೂಗಿದ ಮನೆಯ ಮುಂದೆ ಎರಡು ಹಾಡು ಹಾಡಿ, ಕೊಟ್ಟದ್ದನ್ನು ತಿಂದು ಮುಂದೆ ಹೋಗುತ್ತಾರೆ. ಸಾವಾದ ಮನೆಯಲ್ಲಿ ಒಂದು ವರ್ಷ ನಕ್ಷತ್ರ ಕಟ್ಟುವುದಿಲ್ಲ. ಅಂಥ ಮನೆಯ ಮುಂದೆ ಅವರು ಡ್ರಮ್ ನಿಲ್ಲಿಸಿ, ಟೋಪಿ ತೆಗೆದು, ತಲೆ ತಗ್ಗಿಸಿ ದಾಟುತ್ತಾರೆ. ಎದೆಯಲ್ಲಿ ಗಣಿಯ ಧೂಳು ತುಂಬಿಕೊಂಡು ಸೆಲ್ವರಾಜ್ ತೀರಿಕೊಂಡ ವರ್ಷ ಇಂದ್ರಾಣಿ ಇದನ್ನು ಚಾಚೂ ತಪ್ಪದೆ ಪಾಲಿಸಿದಳು.

ಕಳೆದ ವರ್ಷದ ಆಗಸ್ಟಿನಲ್ಲಿ ಇಂದ್ರಾಣಿಯ ಅಳಿಯ ಕಾಂತರಾಜ್ ಬಂಗಾರಪೇಟೆ ರಸ್ತೆಯಲ್ಲಿ ಬೈಕಿನಿಂದ ಬಿದ್ದು ಸತ್ತ. ಕಾರ್ಖಾನೆಯೊಂದರಲ್ಲಿ ಗುತ್ತಿಗೆ ಕೆಲಸದಲ್ಲಿದ್ದವನು. ಕ್ಯಾರೆಲ್ ತಂಡದಲ್ಲಿ ಡ್ರಮ್ ಬಾರಿಸುತ್ತಿದ್ದವನು ಅವನೇ. ಅದೇ ತಂಡದಲ್ಲಿ ಹಾಡುತ್ತಿದ್ದ ಮೀನಾಳನ್ನು, ಎಂದರೆ ಇಂದ್ರಾಣಿಯ ಮಗಳನ್ನು, ಮೆಚ್ಚಿ ಮದುವೆಯಾಗಿದ್ದ. ಅವನು ಹೋದ ಮೇಲೆ ಮೀನಾ ಆರು ವರ್ಷದ ಮಗಳು ಪ್ರೇರಣಾಳೊಡನೆ ತಾಯಿಯ ಮನೆಗೆ ಬಂದು, ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಳು. ಆಸ್ಪತ್ರೆಗೆ ತೋರಿಸಿದರು, ಮಾತ್ರೆ ನುಂಗಿಸಿದರು. ತಾಯಿ ತುತ್ತು ಬಾಯಿಗಿಟ್ಟರೆ ಉಣ್ಣುವಳು, ಇಲ್ಲದಿದ್ದರೆ ಇಲ್ಲ. ಮಗಳನ್ನು ಕೂಡ ಹತ್ತಿರ ಕರೆಯುತ್ತಿರಲಿಲ್ಲ.

ಡಿಸೆಂಬರ್ ಬಂದಾಗ ಇಂದ್ರಾಣಿಗೆ ಉಳಿದಿದ್ದುದು ಒಂದೇ ಆಸೆ. ಬಾಗಿಲಲ್ಲಿ ಡ್ರಮ್ ಕೇಳಿದರೆ, ಹಾಡು ಕೇಳಿದರೆ, ಮೀನಾ ಎದ್ದಾಳು. ಅದಕ್ಕೆ ಮನೆಯ ಮೇಲೆ ನಕ್ಷತ್ರ ಇರಬೇಕು.

ಪಕ್ಕದ ಮನೆಯ ಪೆದ್ದಮ್ಮ ಸುಮ್ಮನಿರಲಿಲ್ಲ. "ಗಂಡ ಓದ ವರ್ಸ ಮನೆ ಕತ್ಲೆ ಮಾಡ್ಕೊಂಡು ಕೂತಿದ್ದೆ. ಅಳಿಯ ಓದ್ರೆ ದೀಪ ಹಚ್ತೀಯೇನೇ?"

"ಅವ್ರು ಓದಾಗ ಮೂರ್ನೇ ದಿನಕ್ಕೆ ನಾನು ಎದ್ದು ಒಲೆ ಹಚ್ದೆ ಅಕ್ಕ. ಇವ್ಳು ಇನ್ನೂ ಎದ್ದಿಲ್ಲ."

ಆಂಡರ್ಸನ್‌ಪೇಟೆಯಿಂದ ಕೆಂಪು ಕಾಗದ ತಂದುಕೊಡಿ ಎಂದು ಇಂದ್ರಾಣಿ ನನ್ನನ್ನು ಕೇಳಿದಳು. ಪೆದ್ದಮ್ಮನ ಮಾತು ನನ್ನ ಕಿವಿಗೂ ಬಿದ್ದಿತ್ತು. ಬಣ್ಣ ಕಂಡರೆ ಜನ ಇನ್ನಷ್ಟು ಆಡಿಕೊಂಡಾರೆಂದು, ಬುದ್ಧಿವಂತಿಕೆಯೆಂದೇ ತಿಳಿದು, ನಾನು ಬಿಳಿ ಕಾಗದ ಕೊಂಡೆ. ಕ್ಯಾರೆಲ್ ಬರುವ ದಿನ ಬೆಳಿಗ್ಗೆ ಅವಳ ಕೈಗೆ ಕೊಟ್ಟಾಗ ಎರಡು ಸಲ ತಿರುಗಿಸಿ ನೋಡಿದಳು. "ಪರ್ವಾಗಿಲ್ಲ ಸಾರ್, ಬಲ್ಬ್ ಹಾಕಿದ್ರೆ ಎಲ್ಲಾ ಒಂದೇ" ಎಂದಳು. ಆ ಲೈನಿನಲ್ಲಿ ಬಿಳಿ ಕಾಗದ ಅಂಟಿಸುವುದು ಸತ್ತವರ ಪೆಟ್ಟಿಗೆಗೆ ಎಂಬುದನ್ನು ಹೇಳಲಿಲ್ಲ. ನನ್ನ ತಪ್ಪನ್ನು ನನ್ನ ಮುಖಕ್ಕೆ ಹೇಳುವವಳಲ್ಲ ಅವಳು.

ಹಗಲೆಲ್ಲ ಅಚ್ಚುಮುರುಕು ಕರಿದಳು. ಪ್ರೇರಣಾ ಹಳೆಯ ನೋಟ್‌ಬುಕ್ಕಿನ ಹಾಳೆಗಳನ್ನು ಕತ್ತರಿಸಿ ಸರಪಳಿ ಮಾಡಿದಳು. ಸಂಜೆ ಆರಕ್ಕೆ ಸೂರಿನಲ್ಲಿ ನಕ್ಷತ್ರ ಬೆಳಗಿತು. ಸ್ವಲ್ಪ ಹೊತ್ತಿಗೆ ಲೈನಿನ ಆ ತುದಿಯಲ್ಲಿ ಡ್ರಮ್ ಕೇಳಿಸಿತು.

ಇಂದ್ರಾಣಿ ಒಳಗೆ ನೋಡುವಂತೆ ನನಗೆ ಕಣ್ಸನ್ನೆ ಮಾಡಿದಳು. ಮೀನಾ ಎದ್ದು ಕುಳಿತಿದ್ದಳು. ಗೂಡಿಗೆ ಕೈ ಚಾಚಿ, ಬಾಚಣಿಗೆ ತಡಕಿ ತೆಗೆದು, ಜಡೆ ಬಿಚ್ಚಿ ಬಾಚತೊಡಗಿದಳು. ನೋಡಿದರೆ ನಿಲ್ಲಿಸಿಯಾಳೆಂದು ಹೆದರಿ ನಾವಿಬ್ಬರೂ ಬೀದಿಯ ಕಡೆ ತಿರುಗಿದೆವು.

ಡ್ರಮ್ ನಮ್ಮಿಂದ ಮೂರನೆಯ ಮನೆಗೆ ಬಂತು, ಎರಡನೆಯ ಮನೆಗೆ ಬಂತು. ನಮ್ಮ ಮುಂದೆ ಬಂದು ನಿಂತಿತು. ತಂಡದ ಮುಂದಾಳು ನರೇಶ್ ತಲೆಯೆತ್ತಿ ನಕ್ಷತ್ರ ನೋಡಿ ಟೋಪಿ ತೆಗೆದ. ಉಳಿದವರೂ ತೆಗೆದರು. ಸತ್ತವನಿಗಾಗಿ ಮನೆಯವರು ಬಿಳಿ ನಕ್ಷತ್ರ ಕಟ್ಟಿದ್ದಾರೆ ಎಂದುಕೊಂಡರು. ಸ್ವಲ್ಪ ಹೊತ್ತು ತಲೆ ತಗ್ಗಿಸಿ ನಿಂತು, ಸದ್ದಿಲ್ಲದೆ ದಾಟಿ ಹೋದರು.

ಇಂದ್ರಾಣಿ ಅಚ್ಚುಮುರುಕಿನ ತಟ್ಟೆ ಹಿಡಿದು ಹೊಸ್ತಿಲಲ್ಲೇ ಇದ್ದಳು. ಕರೆಯಲು ಬಾಯಿ ತೆರೆದವಳು ಕರೆಯಲಿಲ್ಲ. ಅವರು ಮೌನವಾಗಿ ನಿಂತದ್ದು ತಮ್ಮ ತಂಡದ ಕಾಂತರಾಜನಿಗಾಗಿ. ಅವಳೂ ತಲೆ ತಗ್ಗಿಸಿದಳು. ಪೆದ್ದಮ್ಮನ ಮನೆಯ ಮುಂದೆ ಡ್ರಮ್ ಮತ್ತೆ ಮೊದಲಾಯಿತು.

"ಪಾಟಿ, ನಮ್ಮನೇಲಿ ಯಾಕೆ ಹಾಡ್ಲಿಲ್ಲ?" ಎಂದು ಪ್ರೇರಣಾ ಅಜ್ಜಿಯ ಸೆರಗು ಎಳೆದಳು. ನಾನು ಒಳಗೆ ತಿರುಗಿ ನೋಡುವಷ್ಟರಲ್ಲಿ ಮೀನಾ ಗೋಡೆಯ ಕಡೆ ಮಲಗಿದ್ದಳು. ಕೂದಲು ಒಂದೇ ಪಕ್ಕ ಬಾಚಿತ್ತು.

ಮರುದಿನ ನಾನು ನರೇಶನಿಗೆ ನಡೆದದ್ದನ್ನು ಹೇಳಿದೆ. ಅವನು ಹಣೆ ಚಚ್ಚಿಕೊಂಡ. ಹಬ್ಬದ ದಿನ ಇಡೀ ತಂಡ ಬಂದು ಅಂಗಳದಲ್ಲಿ ನಿಂತು ಮೂರು ಹಾಡು ಹಾಡಿತು. ಮೀನಾ ಮಗ್ಗುಲು ಬದಲಿಸಲಿಲ್ಲ. ನನ್ನಿಂದ ಹೀಗಾಯಿತು ಎಂದು ಇಂದ್ರಾಣಿಯ ಮುಂದೆ ಒಪ್ಪಿಕೊಂಡೆ. "ನೀವು ಒಳ್ಳೇದಕ್ಕೇ ತಂದ್ರಿ ಸಾರ್" ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ಈಗ ಬೇಸಿಗೆ ರಜೆ ಮುಗಿದು ಶಾಲೆ ಮತ್ತೆ ತೆರೆದಿದೆ. ಇಂದ್ರಾಣಿಯ ಕೆಲಸಕ್ಕೆ ಇನ್ನೊಂದು ವರ್ಷ ಉಳಿದಿದೆ. ನಿವೃತ್ತನಾಗಿ ಬಂಗಾರಪೇಟೆಗೆ ಮರಳಿರುವ ನಾನು ತಿಂಗಳಿಗೊಮ್ಮೆ ರೈಲು ಹತ್ತಿ ಹೋಗಿ ಅವರನ್ನು ನೋಡಿಬರುತ್ತೇನೆ. ನಕ್ಷತ್ರದ ಬಿಳಿ ಕಾಗದ ಹರಿದು ಹಾಕಿ, ಬರೀ ಬಿದಿರನ್ನು ಅಟ್ಟಕ್ಕೆ ಸೇರಿಸಿದ್ದಾಳೆ. ಪ್ರತಿದಿನ ಸಂಜೆ ಮಗಳ ದಿಂಬಿನ ಪಕ್ಕ, ಕೈಗೆ ಸಿಗುವಂತೆ, ಬಾಚಣಿಗೆ ಇಡುತ್ತಾಳೆ. ಬೆಳಿಗ್ಗೆ ಇಟ್ಟ ಜಾಗದಿಂದಲೇ ಅದನ್ನು ಎತ್ತಿಕೊಂಡು, ಪ್ರೇರಣಾಳ ತಲೆ ಬಾಚಿ, ಅವಳ ಕೈ ಹಿಡಿದು ಶಾಲೆಗೆ ಹೋಗುತ್ತಾಳೆ.