ಉರುಳದಂತೆ ಕಟ್ಟಿಹಾಕಿದ ಡಬ್ಬಿ

ಬಡಿಗೇರ ಕಾಕಾ, ಆ ಔಷಧಿ ಡಬ್ಬಿ ಕೆಟ್ಟದಾಗಿ ಬಿದ್ದದ್ದು ನಿಮ್ಮ ಕೈಯ ತಪ್ಪಿನಿಂದಲ್ಲ. ನನ್ನ ಸುಳ್ಳಿನಿಂದ. ನಾಲ್ಕು ವರ್ಷ ಇದನ್ನು ನುಂಗಿಕೊಂಡು ಕೂತಿದ್ದೆ — ಥೂ, ಬರೆಯುವಾಗಲೂ ನಾಚಿಕೆಯಾಗುತ್ತಿದೆ.

ಡ್ರೋನಿನಿಂದ ಹಳ್ಳಿಗಳಿಗೆ ಔಷಧಿ ಇಳಿಸುವ ಡಬ್ಬಿ ಅದು. ಪಿಂಪ್ರಿಯ ವರ್ಕ್‌ಶಾಪಿನಲ್ಲಿ ನೀವು ಅದಕ್ಕೆ ಬಾಲದ ರೆಕ್ಕೆ ಕೂಡಿಸಿದಿರಿ. ಅದು ಗಾಳಿಯಲ್ಲಿ ಹೇಗೆ ಬೀಳುತ್ತದೆಂದು ನಾನು ಹಿಂಜವಾಡಿಯ ಆಫೀಸಿನಲ್ಲಿ ಕಂಪ್ಯೂಟರಿನಿಂದ ಹೇಳಬೇಕಿತ್ತು. ಡಬ್ಬಿ ತನ್ನಷ್ಟಕ್ಕೆ ತಿರುಗಬೇಕು, ಅದು ತಿರುಗಿದಂತೆ ಸುತ್ತಲಿನ ಗಾಳಿಯೂ ಬದಲಾಗಬೇಕು — ಎರಡನ್ನೂ ಒಟ್ಟಿಗೆ ಲೆಕ್ಕ ಹಾಕಬೇಕು. ಪಕ್ಕಕ್ಕೆ ಉರುಳಲು ಬಿಟ್ಟಾಗಲೆಲ್ಲ ನನ್ನ ಲೆಕ್ಕ ನಡುವೆಯೇ ಕೆಟ್ಟು ನಿಲ್ಲುತ್ತಿತ್ತು. ಡಬ್ಬಿಯನ್ನು ನಿಜವಾಗಿ ಬೀಳಿಸಿ ನೋಡುವ ಪರೀಕ್ಷೆಗೆ ಉಳಿದದ್ದು ಎರಡೇ ದಿನ. ಲೆಕ್ಕದಲ್ಲಿ ಉರುಳುವುದನ್ನೇ ಬಂದ್ ಮಾಡಿಬಿಟ್ಟೆ. ಪರದೆಯ ಮೇಲೆ ಡಬ್ಬಿ ಸಾಧು ಹಸುವಿನಂತೆ ಇಳಿಯಿತು. ವರದಿಯಲ್ಲಿ ಮಾತ್ರ ‘ಎಲ್ಲ ದಿಕ್ಕಿಗೂ ಮುಕ್ತ ಚಲನೆ’ ಎಂದು ಬರೆದೆ.

ಇಂದಾಪುರದಾಚೆ, ಕಬ್ಬು ಕಡಿದ ಹೊಲದಲ್ಲಿ ನಿಜವಾದ ಡಬ್ಬಿ ಪಲ್ಟಿ ಹೊಡೆಯುತ್ತ ಬಂದು ನೆಲಕ್ಕಪ್ಪಳಿಸಿತು. ರೆಕ್ಕೆ ಕಿತ್ತುಬಿದ್ದಿತ್ತು. ನಮ್ಮ ಕಂಪನಿಯ ಸಾಹೇಬರು ಅದನ್ನೆತ್ತಿಕೊಂಡು ನಿಮ್ಮ ಮುಖ ನೋಡಿದರು. ನೀವು ನನ್ನ ಕಡೆ ತಿರುಗಿದಿರಿ.

“ನಿನ್ನ ಲೆಕ್ಕದಾಗ ನೆಟ್ಟಗ ಇಳದಿತ್ತಲ್ಲಾ, ತಂಗಿ?”

“ಹೌದ್ರಿ ಕಾಕಾ.”

“ಹಂಗಾರ ನನ್ನ ಕೈನ ಸೋತದ.”

ಆಮೇಲೆ ಕದ್ದು ಮತ್ತೊಮ್ಮೆ ಲೆಕ್ಕ ಹಾಕಿದೆ, ಈ ಸಲ ಉರುಳಲು ಬಿಟ್ಟು. ರೆಕ್ಕೆ ಗಟ್ಟಿಯಾಗಿ ಕೂತಿದ್ದರೂ ಡಬ್ಬಿ ಹಾಗೆಯೇ ಪಲ್ಟಿ ಹೊಡೆಯಿತು. ಆಗಲಾದರೂ ಬಾಯಿ ಬಿಡಬಹುದಿತ್ತು... ಬಿಡಲಿಲ್ಲ. ಮರುತಿಂಗಳು ನೀವು ಕೆಲಸ ಬಿಟ್ಟಿರಿ. ವಯಸ್ಸಾಗಿತ್ತು, ಹೇಗೂ ಬಿಡುವವರೇ ಇದ್ದರು — ಹೀಗೆಂದುಕೊಂಡು ಹಾಯಾಗಿದ್ದೆ.

ಕಳೆದ ವಾರ ಚಿಂಚವಾಡದ ಕಾಯಿಪಲ್ಲೆ ಸಂತೆಯಲ್ಲಿ ನಿಮ್ಮ ಮನೆಯವರು, ಕಾಕು, ಸಿಕ್ಕರು. ಕಾಕಾ ಹೇಗಿದ್ದಾರೆ ಎಂದು ಕೇಳಿದೆ.

“ಉಳಿ ಮುಟ್ಟೂದ ಬಿಟ್ಟಾರವಾ. ಮೊಮ್ಮಗಳ ತೊಟ್ಟಿಲಾ ಸಡ್ಲ ಆಗಿತ್ತು. ‘ನನ್ನ ಕೈ ನಂಬಬ್ಯಾಡ್ರಿ, ಕೂಸು ಬಿದ್ದೀತು’ ಅಂತ ಹೊರಗಿನವ್ರನ್ನ ಕರಸಿದ್ರು.”

ಚೀಲ ಅಲ್ಲೇ ಬಿಟ್ಟು ಬಂದಿದ್ದೇನೆಂದು ಮನೆ ಮುಟ್ಟಿದ ಮೇಲೆ ಗೊತ್ತಾಯಿತು. ನಾನು ಸುಳ್ಳು ಹೇಳಿದ್ದು ಒಂದು ಡಬ್ಬಿಯ ಬಗ್ಗೆ ಎಂದುಕೊಂಡಿದ್ದೆ, ದೇವರೇ — ಅಜ್ಜನೊಬ್ಬ ತನ್ನ ಮೊಮ್ಮಗಳ ತೊಟ್ಟಿಲು ಮುಟ್ಟಲು ಹೆದರುವಂತೆ ಮಾಡಿದ್ದೇನೆ!

ಇವತ್ತು ಸಾಹೇಬರಿಗೆ ಎಲ್ಲ ಹೇಳಿದೆ. ಹಳೇ ಮಾತು ಬಿಡು ಎಂದರು. ಬಿಡಲಾರೆ. ಭಾನುವಾರ ನಿಮ್ಮ ಮನೆಗೆ ಬರುತ್ತೇನೆ. ಕಾಕು, ಮಗ, ಸೊಸೆ ಎಲ್ಲರೆದುರು ಹೇಳುತ್ತೇನೆ. ಕ್ಷಮಿಸಿ ಎನ್ನುವ ಮುಖ ನನಗಿಲ್ಲ. ನೀವು ಬಾಗಿಲು ತೆರೆಯದಿದ್ದರೆ ಹೊರಗೆ ನಿಂತೇ ಹೇಳುತ್ತೇನೆ, ಓಣಿಯವರಿಗೆಲ್ಲ ಕೇಳುವಂತೆ.