ಗಾಲಿಗೆ ಗಾಳಿ ತುಂಬಲು ಕಲಿತದ್ದು

ನಮ್ಮ ಮನೆಯ ಅಂಗಳದಲ್ಲಿ, ನಲ್ಲಿಯ ಪಕ್ಕದ ಗೋಡೆಗೆ ಒರಗಿಕೊಂಡು ಒಂದು ಸೈಕಲ್ ಪಂಪು ನಿಂತಿರುತ್ತದೆ. ನೆಲಕ್ಕೆ ಊರಿ ಎರಡೂ ಕೈಯಿಂದ ಒತ್ತುವ ಪಂಪು. ಬುಡದಲ್ಲಿ ಪಾದ ಇಡಲು ಆಚೀಚೆ ಎರಡು ಚಿಕ್ಕ ಪಟ್ಟಿಗಳು, ಮೇಲೆ ನುಣುಪಾದ ಮರದ ಹಿಡಿ, ಬಿಸಿಲಿಗೆ ಬಿರಿದ ಕಪ್ಪು ರಬ್ಬರಿನ ನಳಿಗೆ. ಎತ್ತುವುದು, ಒತ್ತುವುದು, ಅಷ್ಟೇ ತಾನೆ, ಇದರಲ್ಲಿ ಕಲಿಯುವುದೇನಿದೆ ಎಂದು ನೀವು ಕೇಳಬಹುದು. ನಾನೂ ನಲವತ್ತೆಂಟು ವರ್ಷ ಹಾಗೆಯೇ ತಿಳಿದಿದ್ದೆ. ಗಾಲಿಗೂ ಗಾಳಿಗೂ ನಡುವೆ ಇರುವುದು ನಾಲಗೆ ಒಮ್ಮೆ ಮಡಚುವಷ್ಟು ಅಂತರ. ಆದರೆ ಗಾಲಿಯೊಳಗೆ ಗಾಳಿಯನ್ನು ಸೇರಿಸುವ ಹೊತ್ತಿಗೆ ನಮ್ಮ ಮನೆಯಲ್ಲಿ ಏನೆಲ್ಲ ನಡೆದುಹೋಯಿತು ಎಂಬುದನ್ನು ನೆನೆದರೆ ನನಗೆ ಈಗಲೂ ನಗು ಬರುತ್ತದೆ.

ನಾವಿರುವುದು ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ. ನಾನು ಕೊಪ್ಪಳದ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಹೋಗಿಬರುವುದು ಸೈಕಲ್ ಮೇಲೆ. ನಮ್ಮ ಮನೆಯವರು ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ಗುಮಾಸ್ತರು. ಬಸ್ಸಿನಲ್ಲಿ ಹೋಗಿ, ಸಂಜೆ ಹುಬ್ಬಿಗೆಲ್ಲ ತೌಡಿನ ಧೂಳು ಹಚ್ಚಿಕೊಂಡು ಬರುವವರು. ಅವರಿಗೆ ಸೈಕಲ್ ಬಾರದು. ಚಿಕ್ಕಂದಿನಲ್ಲಿ ಒಮ್ಮೆ ಬಿದ್ದು ಹಲ್ಲು ಮುರಿದುಕೊಂಡವರು ಮತ್ತೆ ಅದರ ತಂಟೆಗೆ ಹೋಗಲಿಲ್ಲ. ಮನೆಯಲ್ಲಿ ಇರುವುದು ನಾವಿಬ್ಬರೇ.

ಹೋದ ವರ್ಷ ನನ್ನ ಎದೆಯ ಬಲಭಾಗದಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಎದೆಯ ಜೊತೆಗೆ ಕಂಕುಳಿನ ಕೆಲವು ಗ್ರಂಥಿಗಳನ್ನೂ ತೆಗೆದರು. ಆಮೇಲಿನ ಚಿಕಿತ್ಸೆ, ಉದುರಿದ ಕೂದಲು, ಬಾಯಿಗೆ ಹತ್ತದ ಅನ್ನ ಇವನ್ನೆಲ್ಲ ವಿವರಿಸಿ ನಿಮ್ಮನ್ನು ನೋಯಿಸಲಾರೆ. ಶಾಲೆಗೆ ಮರಳಿದಾಗ ಬಲಗೈ ಭುಜದ ಮೇಲಕ್ಕೆ ಏಳುತ್ತಿರಲಿಲ್ಲವಾದ್ದರಿಂದ ಕರಿಹಲಗೆಯ ಕೆಳಗಿನ ಅರ್ಧದಲ್ಲಷ್ಟೇ ಲೆಕ್ಕ ಬರೆಯುತ್ತಿದ್ದೆ. ಹಿಂದಿನ ಬೆಂಚಿನ ಮಕ್ಕಳು ತಾವಾಗಿಯೇ ಮುಂದೆ ಬಂದು ನೆಲದ ಮೇಲೆ ಕೂತರು. ಸೈಕಲ್ ತುಳಿಯಬಹುದು, ಆದರೆ ಆ ಕೈಯಲ್ಲಿ ಭಾರ ಎತ್ತಬಾರದು, ಜಗ್ಗಬಾರದು ಎಂದು ಡಾಕ್ಟರು ಹೇಳಿದ್ದರು.

"ಪಂಪ್ ಮುಟ್ಟಬ್ಯಾಡ ನೀನು," ಎಂದರು ನಮ್ಮ ಮನೆಯವರು. "ಹವಾ ನಾ ಹೊಡಿತೀನಿ."

ಹಳೆಯ ಟ್ಯೂಬು, ಎರಡು ದಿನಕ್ಕೇ ಗಾಲಿ ಮೆತ್ತಗಾಗುತ್ತಿತ್ತು. ದಿನ ಬಿಟ್ಟು ದಿನ ಬೆಳಿಗ್ಗೆ ಅಂಗಳದಿಂದ ಪುಸ್ ಪುಸ್ ಎಂಬ ಸದ್ದು, ಅದರ ನಡುವೆ ಅವರ ಏದುಸಿರು ಕೇಳಿಬರುತ್ತಿತ್ತು. ಸದ್ದು ನಿಂತ ಮೇಲೆ ಅವರು ಹಾಲಿನ ಕ್ಯಾನನ್ನು ಸೈಕಲ್ ಹ್ಯಾಂಡಲ್‌ಗೆ ತೂಗುಹಾಕಿ, ಸೈಕಲನ್ನು ತಳ್ಳಿಕೊಂಡು ಹಾಲು ತರಲು ಹೋಗುತ್ತಿದ್ದರು. ಸೈಕಲ್ ಬಾರದ ಮನುಷ್ಯ ಅರ್ಧ ಲೀಟರ್ ಹಾಲಿಗೆ ಸೈಕಲನ್ನು ಯಾಕೆ ಒಯ್ಯಬೇಕು? ಕೇಳಿದ್ದಕ್ಕೆ, "ಕ್ಯಾನು ಹಿಡದ್ರ ಕೈಬಟ್ಟು ನೋಯ್ತಾವ," ಎಂದಿದ್ದರು. ನಾನು ನಂಬಿದೆ. ಲೆಕ್ಕ ಕಲಿಸುವವಳಿಗೆ ಇಷ್ಟು ಸರಳವಾದ ಲೆಕ್ಕ ತಪ್ಪಿತಲ್ಲ ಎಂದು ಈಗ ಅನಿಸುತ್ತದೆ.

ಹೀಗಿರುವಾಗ ತಾವರಗೇರಾದಲ್ಲಿ ತಮ್ಮನ ಹೊಸ ಮನೆಗೆ ಸ್ಲ್ಯಾಬ್ ಹಾಕುವುದಿದೆ ಎಂದು ಅವರು ನಾಲ್ಕು ದಿನದ ಮಟ್ಟಿಗೆ ಊರಿಗೆ ಹೋದರು. ಎರಡನೆಯ ದಿನ ಹಿಂದಿನ ಗಾಲಿ ನೆಲ ಕಚ್ಚಿತು. ಸೈಕಲನ್ನು ತಳ್ಳಿಕೊಂಡು ಶಮಶಾದಬಿಯ ಅಂಗಡಿಗೆ ಹೋದೆ. ಶಮಶಾದಬಿ ಅರವತ್ತು ದಾಟಿದ, ನನ್ನ ಭುಜದಷ್ಟೂ ಎತ್ತರವಿಲ್ಲದ ಹೆಂಗಸು. ಗಂಡ ತೀರಿಕೊಂಡ ಮೇಲೆ ಸೈಕಲ್ ರಿಪೇರಿ ಅಂಗಡಿಯನ್ನು ತಾನೇ ನಡೆಸುತ್ತಾಳೆ.

"ಇವತ್ತ ನೀವ ಬಂದ್ರಲ್ರಿ ಅಕ್ಕಾರ?" ಎಂದಳು. "ನಿಮ್ಮ ಮನಿಯವರಿಗೆ ಆರಾಮಿಲ್ಲೇನ್ರಿ?"

"ಆರಾಮ ಅದಾರ್ರಿ, ಊರಿಗೆ ಹೋಗ್ಯಾರ. ಅವರ್ಯಾಕ ಇಲ್ಲಿಗೆ ಬರ್ತಾರ?"

"ಅಯ್ಯ, ದಿನಾ ಬಿಟ್ಟ ದಿನಾ ಬಂದು ಹವಾ ಹೊಡಿಸಿಕೊಂಡ ಹೋಗ್ತಾರಲ್ರಿ. ಹಾಲಿನ ಕ್ಯಾನ್ ತೂಗು ಹಾಕ್ಕೊಂಡು..." ಅಷ್ಟಕ್ಕೆ ನನ್ನ ಮುಖ ನೋಡಿ ಮಾತು ನಿಲ್ಲಿಸಿದಳು. "ಹೇಳಬಾರದ್ದು ಹೇಳಿದ್ನೇನ್ರಿ ನಾ?"

ನನಗೆ ಮೊದಲು ಬಂದದ್ದು ನಗು. ಅಂಗಳದಲ್ಲಿ ಕಾಲು ಗಂಟೆ ಬೆವರು ಸುರಿಸಿದರೂ ಗಾಲಿ ತುಂಬದೆ, ತುಂಬಲಿಲ್ಲ ಎಂದು ಹೇಳಲೂ ಆಗದೆ, ಹಾಲಿನ ನೆಪ ಮಾಡಿಕೊಂಡು ಸೈಕಲ್ ತಳ್ಳಿಕೊಂಡು ಬೀದಿ ದಾಟುವ ಐವತ್ತೆರಡು ವರ್ಷದ ಗುಮಾಸ್ತ ಕಣ್ಣಿಗೆ ಕಟ್ಟಿದ. ಆಮೇಲೆ ನಿಂತಲ್ಲೇ ಕಣ್ಣು ತುಂಬಿ ಬಂತು.

ಕಾಯಿಲೆ ಹೊಕ್ಕ ಮನೆಯಲ್ಲಿ ಸಣ್ಣಪುಟ್ಟ ಸುಳ್ಳುಗಳೂ ಬಂದು ನೆಲೆಸುತ್ತವೆ, ಅಲ್ಲವೇ? ಅವು ಕೆಟ್ಟ ಸುಳ್ಳುಗಳಲ್ಲ. ಒಬ್ಬರ ನಿದ್ದೆ ಕೆಡದಿರಲೆಂದು ಇನ್ನೊಬ್ಬರು ಮೆಲ್ಲಗೆ ಬಾಗಿಲು ಮುಂದೆ ಮಾಡಿದ ಹಾಗೆ. ಆದರೆ ಹಾಗೆ ಮುಚ್ಚಿದ ಬಾಗಿಲುಗಳು ಹೆಚ್ಚಿದಂತೆ ಒಂದೇ ಸೂರಿನ ಕೆಳಗೆ ಇಬ್ಬರೂ ಬೇರೆ ಬೇರೆ ಕೋಣೆಗಳಲ್ಲಿ ಉಳಿದುಬಿಡುತ್ತೇವೆ. ನನ್ನ ಪಾಲಿನ ಸುಳ್ಳುಗಳೂ ಇದ್ದವು. ನೋವಿದ್ದಾಗ ಇಲ್ಲವೆಂದಿದ್ದೆ. ಮುಂದಿನ ತಿಂಗಳು ಹುಬ್ಬಳ್ಳಿಯಲ್ಲಿ ತಪಾಸಣೆಯಿತ್ತು. ಕಾಯಿಲೆ ಮತ್ತೆ ತಲೆಯೆತ್ತಿದೆಯೋ ಇಲ್ಲವೋ ಎಂಬುದು ಅಂದು ತಿಳಿಯಬೇಕಿತ್ತು. "ನಿಮ್ಮ ರಜಾ ಯಾಕ ಹಾಳ ಮಾಡ್ಕೋತೀರಿ, ನಾ ಒಬ್ಬಾಕೀನ ಹೋಗಿ ಬರ್ತೀನಿ," ಎಂದು ನಗುನಗುತ್ತಾ ಹೇಳಿದ್ದೆ. ಆ ದಿನವನ್ನು ನೆನೆದರೆ ಹೆದರಿಕೆಯಾಗುತ್ತಿತ್ತು ಎಂಬುದನ್ನು ಮಾತ್ರ ಹೇಳಿರಲಿಲ್ಲ.

"ಶಮಶಾದಬಿ, ನನಗ ಹವಾ ಹೊಡಿಯೂದು ಕಲಿಸ್ರಿ," ಎಂದೆ. "ಆದರ ಈ ಕೈಯಾಗ ಶಕ್ತಿ ಇಲ್ರಿ."

ಅವಳು ನನ್ನ ಕೈಯನ್ನೂ ಮುಖವನ್ನೂ ನೋಡಿದಳು. "ಕೈ ಯಾರ ಕೇಳ್ಯಾರ್ರಿ? ಹವಾ ಹೊಡಿಯೂದು ಮೈ ಭಾರದಿಂದ. ನನ್ನ ನೋಡ್ರಿ, ನನ್ನ ಕೈಯಾಗರ ಏನೈತಿ? ನಾಳಿ ನಿಮ್ಮ ಪಂಪ್ ತಗೊಂಡ ಬರ್ರಿ."

ಮರುದಿನ ಶಾಲೆ ಮುಗಿಸಿ ಮನೆಯಿಂದ ಪಂಪು ತೆಗೆದುಕೊಂಡು ಹೋದೆ, ಕಲಿಕೆ ಆರಂಭವಾಯಿತು. ಮೊದಲು ಟ್ಯೂಬಿನ ಬಾಯಿ ನಳಿಗೆಗೆ ಸಲೀಸಾಗಿ ಎಟಕುವಂತೆ ಗಾಲಿಯನ್ನು ತಿರುಗಿಸಿಕೊಳ್ಳಬೇಕು. ನಳಿಗೆಯ ತುದಿಯ ಕ್ಲಿಪ್ಪನ್ನು ಓರೆಯಾಗದಂತೆ ನೇರವಾಗಿ ಕೂರಿಸಬೇಕು. ಓರೆಯಾದರೆ ಹೊಡೆದ ಗಾಳಿಯೆಲ್ಲ ಸಂದಿಯಿಂದ ಹೊರಗೆ. ಎರಡೂ ಪಾದಗಳನ್ನು ಬುಡದ ಪಟ್ಟಿಗಳ ಮೇಲೆ ಊರಿ, ಬೆನ್ನು ನೆಟ್ಟಗಿಟ್ಟು, ಮೊಳಕೈ ಮಡಚದೆ, ಹಿಡಿಯ ಮೇಲೆ ಮೈಯ ಭಾರವನ್ನು ನಿಧಾನವಾಗಿ ಬಿಡಬೇಕು. ನಾನು ಎಲ್ಲರಂತೆ ಅವಸರದಲ್ಲಿ ಅರ್ಧರ್ಧ ಒತ್ತತೊಡಗಿದಾಗ ಅವಳು ತಡೆದಳು.

"ಹಂಗಲ್ರಿ. ಮ್ಯಾಲಿನ ಅರ್ಧದಾಗ ಹವಾ ಬರೇ ಬಿಗಿ ಆಗತೈತಿ, ಒಳಗ ಹೋಗೂದು ಕೆಳಗಿನ ಅರ್ಧದಾಗ. ತಳಾ ಮುಟ್ಟೂ ತನಕಾ ಒತ್ರಿ. ಎತ್ತೂವಾಗ ಎಡಗೈ ಎತ್ತಲಿ, ಬಲಗೈ ಸುಮ್ನ ಹಿಡಿ ಮ್ಯಾಲ ಕುಂದರ್ಲಿ."

ತಳ ಮುಟ್ಟುವ ತನಕ ಒತ್ತಿದೆ. ಟ್ಯೂಬಿನೊಳಗೆ ಯಾವುದೋ ಬಾಗಿಲು ತೆರೆದಂತೆ ಗಾಳಿ ಸರಿದುಹೋದದ್ದು ಅಂಗೈಗೇ ತಿಳಿಯಿತು. ಇನ್ನೊಮ್ಮೆ, ಮತ್ತೊಮ್ಮೆ, ಅವಸರವಿಲ್ಲದೆ. ಎಷ್ಟಾದರೆ ಸಾಕು ಎಂದು ಕೇಳಿದ್ದಕ್ಕೆ ನನ್ನ ಹೆಬ್ಬೆರಳನ್ನು ಹಿಡಿದು ಟೈರಿನ ಪಕ್ಕಕ್ಕೆ ಒತ್ತಿದಳು. "ಇನ್ನೂ ಹಣ್ಣಾಗದ ಪ್ಯಾರಲದಂಗ ಇರಬೇಕ್ರಿ. ಇಷ್ಟ." ಕಾಯಿಲೆ ಬಂದಾಗಿನಿಂದ ಈ ಮೈ ನನಗೆ ದಗಾ ಕೊಟ್ಟಿತೆಂದು ಅದರ ಮೇಲೆ ಮುನಿಸಿಕೊಂಡೇ ಇದ್ದೆ. ಅಂದು ಶಮಶಾದಬಿಯ ಅಂಗಡಿಯ ಮುಂದೆ, ಅದೇ ಮೈಯ ಭಾರ ಕೆಲಸಕ್ಕೆ ಬಂತಲ್ಲ ಎಂದು ಅದರ ಬಗ್ಗೆ ಎಷ್ಟೋ ದಿನಗಳ ಮೇಲೆ ಮೊದಲ ಬಾರಿ ಅಕ್ಕರೆ ಹುಟ್ಟಿತು.

ನಮ್ಮ ಮನೆಯವರು ಮರಳಿದ ಮರುದಿನ ಬೆಳಿಗ್ಗೆ ಅವರಿಗಿಂತ ಮೊದಲೇ ಎದ್ದು ಅಂಗಳಕ್ಕೆ ಹೋದೆ. ಸದ್ದು ಕೇಳಿ ಅವರು ಹಾಲಿನ ಕ್ಯಾನು ಹಿಡಿದುಕೊಂಡೇ ಓಡಿ ಬಂದರು.

"ಏಯ್, ಬಿಡ, ಬಿಡ! ಕೈಗೆ ಏನರ ಆದೀತು!"

"ಏನೂ ಆಗೂದಿಲ್ರಿ. ನೋಡ್ರಿ ಸುಮ್ನ."

ಅವರು ನೋಡುತ್ತಾ ನಿಂತರು. ನನ್ನ ಕಾಲು, ಬೆನ್ನು, ತಳ ಮುಟ್ಟಿ ಮೇಲೇಳುವ ಹಿಡಿ ಎಲ್ಲವನ್ನೂ ನೋಡಿ, ಟೈರನ್ನು ಒತ್ತಿ ನೋಡಿದರು. ಆಮೇಲೆ ನಲ್ಲಿಯ ಕಟ್ಟೆಯ ಮೇಲೆ ಕೂತು, "ಶಮಶಾದಬಿ ಹೇಳಿದ್ಳೇನು?" ಎಂದರು.

"ಹೂಂ. ನನಗ್ಯಾಕ ಹೇಳಲಿಲ್ರಿ?"

ಅವರು ಕ್ಯಾನಿನ ಮುಚ್ಚಳ ತಿರುಗಿಸುತ್ತಾ ಹೇಳಿದರು. "ಹುಬ್ಬಳ್ಳಿಯೊಳಗ ನಿನ್ನ ಒಳಗ ಕರಕೊಂಡ ಹೋದಾಗ ನನ್ನ ಕೈಯಾಗ ಏನೂ ಇರಲಿಲ್ಲ. ಹೊರಗ ಕುಂತಿದ್ದೆ, ಅಷ್ಟ. ಮನಿಗೆ ಬಂದ ಮ್ಯಾಲ ಇದೊಂದರ ಮಾಡೂಣು ಅಂದ್ರ ಇದೂ ಬರಲಿಲ್ಲ. ಅದನ್ನ ನಿನಗ ಹೆಂಗ ಹೇಳ್ಲಿ?"

ಅವರ ಪಕ್ಕದಲ್ಲಿ ಕೂತೆ. ಎಷ್ಟೋ ದಿನಗಳಿಂದ ಅಡಗಿಸಿಟ್ಟ ಮಾತು ತಾನಾಗಿ ಹೊರಬಂತು. "ನನಗ ಆ ತಪಾಸಣಿಗೆ ಭಾಳ ಹೆದರಿಕಿ ಆಗತೈತ್ರಿ. ಒಬ್ಬಾಕಿ ಹೋಗಾಕ ಆಗೂದಿಲ್ಲ. ನೀವೂ ಬರ್ರಿ."

"ಅವತ್ತಿಗಂತ ರಜಾ ಕೇಳಿ ಹದಿನೈದು ದಿನಾ ಆತು," ಎಂದರು. "ನೀ ಬ್ಯಾಡ ಅಂದಿದ್ದಿ. ನಿನ್ನ ಹಿಂದ ಬರೂ ಬಸ್ಸಿಗೆ ಬರಬೇಕಂತಿದ್ದೆ."

ಅಂದು ಹಾಲಿಗೆ ಹೋಗಲು ತಡವಾಯಿತು. ಮುಂದಿನ ಗಾಲಿಗೆ ಗಾಳಿ ಹೊಡೆಯುವುದನ್ನು ಅವರಿಗೆ ಕಲಿಸುತ್ತಿದ್ದೆ. ಇಪ್ಪತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ್ದೇನೆ, ಅಷ್ಟು ಮೊಂಡ ವಿದ್ಯಾರ್ಥಿಯನ್ನು ಕಂಡಿಲ್ಲ. ಮೊಳಕೈ ಮಡಚಬೇಡಿ ಎಂದರೆ ಮಂಡಿ ಮಡಚುತ್ತಾರೆ.

ಹುಬ್ಬಳ್ಳಿಗೆ ಇಬ್ಬರೂ ಒಂದೇ ಬಸ್ಸಿನಲ್ಲಿ ಹೋದೆವು. ದಿನವೆಲ್ಲ ಕಾದ ಮೇಲೆ ಡಾಕ್ಟರು ವರದಿ ನೋಡಿ, ಸದ್ಯಕ್ಕೆ ಏನೂ ಇಲ್ಲ, ಆರು ತಿಂಗಳಿಗೆ ಮತ್ತೆ ಬನ್ನಿ ಎಂದರು. ಸದ್ಯ ಎಂಬುದು ಅಷ್ಟು ವಿಶಾಲವಾದ ಪದವೆಂದು ನನಗೆ ಅಂದಿನವರೆಗೆ ತಿಳಿದಿರಲಿಲ್ಲ. ಮರಳುವಾಗ ಅವರು ನನ್ನ ಬಲಬದಿಗೆ ಕೂತರು. ಶಸ್ತ್ರಚಿಕಿತ್ಸೆಯಾದಂದಿನಿಂದ, ಎಲ್ಲಿ ಕೈ ತಾಗಿ ನೋವಾದೀತೋ ಎಂದು ಯಾವಾಗಲೂ ಎಡಕ್ಕೇ ಕೂರುತ್ತಿದ್ದವರು. ಅಂದು ಮರೆತರೋ, ಧೈರ್ಯ ಮಾಡಿದರೋ ಕೇಳಲಿಲ್ಲ. ಗದಗ ದಾಟುವಷ್ಟರಲ್ಲಿ ಅವರಿಗೆ ನಿದ್ದೆ ಹತ್ತಿತು, ತಲೆ ನನ್ನ ಬಲಭುಜದ ಮೇಲೆ ವಾಲಿತು. ಭಾರವೇ ಆಗಿತ್ತು, ಸ್ವಲ್ಪ ನೋವೂ ಆಯಿತು. ಕೊಪ್ಪಳ ಬರುವವರೆಗೆ ನಾನು ಅವರನ್ನು ಎಬ್ಬಿಸಲಿಲ್ಲ.